ಗೇಟಿನ ಬಳಿಯ ಮಡಕೆ

ಬೇಸಗೆ ಬಂದಿತೆಂಬುದನ್ನು ತಿಳಿಯಲು ಪಂಚಾಂಗವನ್ನು ನೋಡುವವರುಂಟು, ಉಷ್ಣಮಾಪಕವನ್ನು ನೋಡುವವರುಂಟು, ಮೊಬೈಲು ಫೋನನ್ನು ನೋಡುವವರಂತೂ ಲೆಕ್ಕವಿಲ್ಲದಷ್ಟು. ಮೈಸೂರಿನ ಮೇಟಗಳ್ಳಿಯ ಯಜಮಾನರೊಬ್ಬರ ಮನೆಯಲ್ಲಿ ಮಾತ್ರ ಇವಾವುದರ ಅಗತ್ಯವೂ ಬೀಳುವುದಿಲ್ಲ. ಬೆಳಗಿನ ಕಾಫಿಯ ಲೋಟವನ್ನು ಅವರು ಅರ್ಧಕ್ಕೇ ಕೆಳಗಿಳಿಸಿ, ಹೆಗಲ ಮೇಲಿನ ವಸ್ತ್ರದಿಂದ ಒಮ್ಮೆ ಕತ್ತನ್ನು ಒರಸಿಕೊಂಡರೆಂದರೆ ಮನೆಯವರೆಲ್ಲರಿಗೂ ಬೇಸಗೆ ಬಂದಿತೆಂದು ಗೊತ್ತಾಗುತ್ತದೆ. ಅಂದಿನಿಂದ ಮುಂಗಾರಿನ ಮೊದಲ ಹನಿ ಬೀಳುವವರೆಗೆ ಆ ಮನೆಯಲ್ಲಿ ಹಾಲು ಒಡೆದರೂ, ಮಾತು ಮುರಿದರೂ ಕಾರಣ ಒಂದೇ: ಸೆಖೆ.

ಮೈಸೂರಿಗೂ ಬೇಸಗೆಯೆಂಬುದೊಂದು ಉಂಟೆ ಎಂದು ರಾಯಚೂರಿನವರು, ಕಲಬುರಗಿಯವರು ನಗುವುದುಂಟು. ಅವರ ನಗುವಿನಲ್ಲಿ ನ್ಯಾಯವಿಲ್ಲದಿಲ್ಲ. ಉಷ್ಣತೆ 40 ಡಿಗ್ರಿಯನ್ನು ದಾಟಿದ ಮೇಲೆಯೇ ಅವರು ಅದನ್ನು ಬಿಸಿಲೆಂದು ಒಪ್ಪಿಕೊಳ್ಳುವುದು. ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿ ಸುಖವಾಗಿ ಕುಳಿತಿರುವ ಮೈಸೂರು 35ರ ಹತ್ತಿರಕ್ಕೆ ಬರುವಷ್ಟರಲ್ಲಿಯೇ ನಿಟ್ಟುಸಿರು ಬಿಡತೊಡಗುತ್ತದೆ. ಯಜಮಾನರ ತಂಗಿಯನ್ನು ಕೊಟ್ಟಿರುವುದು ರಾಯಚೂರಿಗೆ. ಆಕೆ ಏಪ್ರಿಲ್ ತಿಂಗಳಲ್ಲಿ ತವರಿಗೆ ಬಂದು, ಸಂಜೆ ಜಗಲಿಯಲ್ಲಿ ಕುಳಿತು, ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು, "ಏನು ತಂಪಣ್ಣಾ ನಿಮ್ಮೂರು!" ಎಂದರೆ ಯಜಮಾನರ ಮುಖ ಸಣ್ಣದಾಗುತ್ತದೆ. ತಾವು ಇಡೀ ದಿನ ಪಟ್ಟ ಪಾಡನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಯಾರಿಗಾದರೂ ಬೇಸರವಾಗದಿರದು. ತಮ್ಮ ತಮ್ಮ ಊರಿನ ಬಿಸಿಲಿನ ಮೇಲೂ ಜನಕ್ಕೆ ಒಂದು ಬಗೆಯ ಅಭಿಮಾನವಿರುತ್ತದೆ.

ಮೇಟಗಳ್ಳಿಯು ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿ. ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯ ಆಸುಪಾಸಿನಲ್ಲಿ ಕಾರ್ಖಾನೆಗಳು ಎದ್ದ ಮೇಲೆ ನಗರವೇ ನಡೆದುಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ವಿಕ್ರಾಂತ್ ಎಂಬ ಹೆಸರಿನಿಂದ ಆರಂಭವಾಗಿ ಈಗ ಜೆ.ಕೆ. ಎಂಬ ಹೆಸರಿನಿಂದ ನಡೆಯುತ್ತಿರುವ ಟೈರು ಕಾರ್ಖಾನೆ ಇಲ್ಲಿಯದು. ನಗರದ ಕಡೆಗೆ ಸ್ವಲ್ಪ ದೂರ ಬಂದರೆ ಯಾದವಗಿರಿ. 1996ರಲ್ಲಿ ಬಾಗಿಲು ಮುಚ್ಚುವವರೆಗೂ ಜಾವಾ ಮೋಟಾರು ಸೈಕಲ್ಲುಗಳು ಹೊರಬರುತ್ತಿದ್ದುದು ಅಲ್ಲಿಂದ. ಮೇಟಗಳ್ಳಿಯ ಇನ್ನೊಂದು ಮಗ್ಗುಲಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ. ನೋಟುಗಳು ಇಷ್ಟು ಸಮೀಪದಲ್ಲಿ ಅಚ್ಚಾಗುತ್ತಿದ್ದರೂ ತಿಂಗಳ ಇಪ್ಪತ್ತೈದನೆಯ ತಾರೀಖಿನ ಹೊತ್ತಿಗೆ ಅವುಗಳ ಗಾಳಿಯೂ ತಮ್ಮ ಮನೆಯ ಕಡೆಗೆ ಬೀಸುವುದಿಲ್ಲವೇಕೆ ಎಂಬುದು ಇಲ್ಲಿನ ಗೃಹಿಣಿಯರು ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ.

ಯಜಮಾನರು ಈ ಭಾಗದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿ ದೊರೆತುದು ಕಾರ್ಖಾನೆಯಿಂದ ಮಾತ್ರ, ಲೆಕ್ಕದಿಂದ ಅಲ್ಲ. ಕೆಂಪು ಬಟ್ಟೆಯ ರಟ್ಟು ಹಾಕಿದ ಪುಸ್ತಕವೊಂದು ಅವರ ಮೇಜಿನ ಮೇಲೆ ಸದಾ ಇರುತ್ತದೆ. ಎಡಗಡೆ ಜಮಾ, ಬಲಗಡೆ ಖರ್ಚು. ಹಾಲು, ತರಕಾರಿ, ಔಷಧಗಳು ಮಾತ್ರವಲ್ಲ, ಬೇಸಗೆಯಲ್ಲಿ ಮನೆಯ ನೀರೂ ಆ ಪುಸ್ತಕದೊಳಗೆ ಪ್ರವೇಶ ಪಡೆಯುತ್ತದೆ. ಬೆಳಿಗ್ಗೆ ಪತ್ರಿಕೆ ಬಂದೊಡನೆ ಅವರು ಮೊದಲು ಓದುವುದು ರಾಜಕೀಯವನ್ನಲ್ಲ, ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಪೂರ್ಣಮಟ್ಟ 124.80 ಅಡಿ ಎಂಬುದು ಅವರಿಗೆ ತಮ್ಮ ಜನ್ಮದಿನಾಂಕಕ್ಕಿಂತಲೂ ಖಚಿತವಾಗಿ ನೆನಪಿದೆ. ಕಟ್ಟೆಯಲ್ಲಿ ಅರ್ಧ ಅಡಿ ಇಳಿದರೆ ಅಂದು ಮನೆಯಲ್ಲಿ ಮಾತು ಕಡಿಮೆ. ಒಂದಡಿ ಇಳಿದರೆ ಸ್ನಾನದ ನೀರು ಕಡಿಮೆ.

ಅದು 2024ರ ಬೇಸಗೆ. ಹಿಂದಿನ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಕಟ್ಟೆಯ ಮಟ್ಟ 90 ಅಡಿಗಿಂತಲೂ ಕೆಳಕ್ಕೆ ಹೋಗಿದ್ದಿತು. ಬೆಂಗಳೂರಿನಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತವರ ಚಿತ್ರಗಳು ದಿನವೂ ಪತ್ರಿಕೆಯಲ್ಲಿ ಬರುತ್ತಿದ್ದವು. ಅಂಥ ಚಿತ್ರವೊಂದರ ಹಿಂದೆಯೇ ಬಂದವರಂತೆ ಬೆಂಗಳೂರಿನಿಂದ ಯಜಮಾನರ ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು ರಜೆಗೆಂದು ಬಂದಿಳಿದರು. ಮೊಮ್ಮಗಳು ಮೊದಲನೆಯ ಪಿ.ಯು.ಸಿ. ಮುಗಿಸಿದವಳು, ವಿಜ್ಞಾನದ ವಿದ್ಯಾರ್ಥಿನಿ. ಮೊಮ್ಮಗನಿಗೆ ಎಂಟು ವರ್ಷ; ಅವನು ಪ್ರಶ್ನೆಗಳ ವಿದ್ಯಾರ್ಥಿ.

ಮನೆ ತುಂಬಿತು. ಮೇಲಿನ ತಾರಸಿಯಲ್ಲಿ ಹಳೆಯ ಪಂಚೆಗಳು ಹರಡಿದವು. ಅವುಗಳ ಮೇಲೆ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಗಳು ಶಿಸ್ತಾಗಿ ಸಾಲುಗೂಡಿದವು. ಕಾಗೆಗಳನ್ನು ಕಾಯುವ ಅಧಿಕಾರ ಕಪ್ಪು ಕೊಡೆಯೊಂದಿಗೆ ಮೊಮ್ಮಗನ ಕೈಗೆ ಬಂದಿತು. ಕಾಗೆಗಳು ತಿಂದುದೆಷ್ಟು, ಕಾವಲುಗಾರ ತಿಂದುದೆಷ್ಟು ಎಂಬುದನ್ನು ಯಜಮಾನರ ಪುಸ್ತಕಕ್ಕೂ ಕಂಡುಹಿಡಿಯಲಾಗಲಿಲ್ಲ. ಹಿಟ್ಟಿನ ಹದ ಹೇಗಿರಬೇಕೆಂದು ಸೊಸೆ ತನ್ನ ಫೋನಿನಲ್ಲಿ ಯಾರದೋ ಪಾಕವಿಧಾನವನ್ನು ತೋರಿಸಲು ಹೋದಾಗ, ಮನೆಯೊಡತಿಯು ಹಿಟ್ಟಿನ ಕೈಯನ್ನು ಮೇಲೆತ್ತಿ, "ಅದನ್ನ ಆಮೇಲೆ ನೋಡೋಣಮ್ಮ, ಮೊದಲು ಬಿಸಿಲು ಹೋಗೋದರೊಳಗೆ ಇದನ್ನ ಇಡು" ಎಂದರು. 1950ರಿಂದಲೂ ಕೇಂದ್ರ ಆಹಾರ ಸಂಶೋಧನಾಲಯವು ಈ ಊರಿನಲ್ಲಿಯೇ ಇದ್ದರೂ ಸಂಡಿಗೆಯ ವಿಷಯದಲ್ಲಿ ಮೈಸೂರಿನ ಮನೆಗಳಲ್ಲಿ ಅಜ್ಜಿಯರದೇ ಕೊನೆಯ ಮಾತು.

ಊಟಿಗೆ ಹೋಗುವ ವಿಷಯ ಎಂದಿನಂತೆ ಪ್ರಸ್ತಾಪಕ್ಕೆ ಬಂದಿತು. ಮೈಸೂರಿನ ಮಹಾರಾಜರು ಬೇಸಗೆಗೆ ಊಟಿಯ ಫರ್ನ್‌ಹಿಲ್ ಅರಮನೆಗೆ ತೆರಳುತ್ತಿದ್ದರು. ಯಜಮಾನರ ಕುಟುಂಬ ಪ್ರತಿ ಬೇಸಗೆಯಲ್ಲಿಯೂ ಊಟಿಯ ಮಾತಿಗೆ ತೆರಳುತ್ತದೆ. ಸುಮಾರು 125 ಕಿಲೋಮೀಟರು ದೂರ, ಬಂಡೀಪುರದ ಕಾಡು, ಘಟ್ಟದ ತಿರುವುಗಳು, ವಸತಿಯ ಬಾಡಿಗೆ ಎಲ್ಲವನ್ನೂ ಕೂಡಿ ಕಳೆದು, ಕೊನೆಗೆ ಚಾಮುಂಡಿಬೆಟ್ಟಕ್ಕೆ ಹೋಗಿ ಬರುವುದೆಂದು ತೀರ್ಮಾನವಾಗುತ್ತದೆ. ಆ ವರ್ಷವಂತೂ ಮೇ 7ರಿಂದ ಊಟಿಗೆ ಹೋಗುವ ವಾಹನಗಳಿಗೆ ಇ-ಪಾಸು ಕಡ್ಡಾಯವಾಗುವುದೆಂಬ ಸುದ್ದಿ ಬಂದಾಗ ಯಜಮಾನರು ಒಳಗೊಳಗೇ ಹಿಗ್ಗಿದರು. ಹೋಗದಿರುವುದಕ್ಕೆ ಇಷ್ಟು ಗೌರವಯುತವಾದ ಕಾರಣ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಊಟಿ ತಪ್ಪಿದ ಮೇಲೆ ಮಗನು ಊಟಿಯನ್ನೇ ಮನೆಗೆ ತರಿಸುವ ಯೋಚನೆ ಮಾಡಿದನು. ಮಲಗುವ ಕೋಣೆಗೆ ಒಂದು ಹವಾನಿಯಂತ್ರಕ. ತಂದೆಯನ್ನು ಒಪ್ಪಿಸಲು ಅವನು ಅದರ ಚರಿತ್ರೆಯನ್ನೇ ತೆಗೆದನು. ಆದರೆ ಆ ಚರಿತ್ರೆ ಅವನಿಗೇ ತಿರುಗುಬಾಣವಾಯಿತು. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಇಂಥ ಯಂತ್ರವನ್ನು ಮೊದಲು ರೂಪಿಸಿದುದು ಮನುಷ್ಯರ ಸುಖಕ್ಕಾಗಿ ಅಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದುದನ್ನು ತಡೆಯಲು. "ಹಾಗಾದರೆ ಅದು ನೋಟು ಅಚ್ಚುಹಾಕುವವರಿಗೆ ಬೇಕಾದ್ದು, ನೋಟು ಎಣಿಸೋರಿಗಲ್ಲ" ಎಂದು ಯಜಮಾನರು ಕನ್ನಡಕವನ್ನು ಸರಿಪಡಿಸಿಕೊಂಡರು. ಅಷ್ಟೇ ಅಲ್ಲದೆ ಪಕ್ಕದ ಮನೆಯ ಯಂತ್ರದ ಹೊರಭಾಗವು ಓಣಿಯ ಕಡೆಗೆ ದಿನವಿಡೀ ಉಗುಳುವ ಬಿಸಿಗಾಳಿಯ ಅನುಭವವೂ ಅವರಿಗಿದ್ದಿತು. ಒಳಗಿನ ಸೆಖೆಯನ್ನು ಬಾಚಿ ಬೀದಿಗೆ ಸುರಿಯುವುದೇ ಆ ಯಂತ್ರದ ಕೆಲಸ; ಮನೆಯ ಕಸವನ್ನು ಪಕ್ಕದವರ ಬಾಗಿಲಿಗೆ ಗುಡಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಅವರು ಕೇಳಿದರು. ಮಗನು ಉತ್ತರ ಹೇಳದೆ ಬೀಸಣಿಗೆಯ ಗುಂಡಿಯನ್ನು ಐದಕ್ಕೆ ತಿರುಗಿಸಿದನು.

* * *

ಆ ಮನೆಯಲ್ಲಿ ತಂಪಿಗೆ ಇನ್ನೊಂದು ಏರ್ಪಾಡಿದ್ದಿತು. ಯುಗಾದಿಯ ದಿನ ಬೇವುಬೆಲ್ಲ ತಿಂದ ಮೇಲೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಒಂದು ಮಣ್ಣಿನ ಮಡಕೆಯನ್ನು ಇಟ್ಟು, ಅದರಲ್ಲಿ ಕುಡಿಯುವ ನೀರು ತುಂಬಿ, ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಒಂದು ಲೋಟ ಬೋರಲು ಹಾಕುವುದು. ಹೆಸರಿನಲ್ಲಿಯೇ ಕುಂಬಾರರನ್ನು ಉಳಿಸಿಕೊಂಡಿರುವ ಕುಂಬಾರಕೊಪ್ಪಲು ಮೇಟಗಳ್ಳಿಗೆ ನೆರೆಯೇ. ಈ ಪದ್ಧತಿಯನ್ನು ಆರಂಭಿಸಿದವರು ಯಜಮಾನರ ತಾಯಿ. ದಾರಿಹೋಕರಿಗೆ ನೀರಿಡುವ ಅರವಟ್ಟಿಗೆಯ ಧರ್ಮ ಕನ್ನಡ ನಾಡಿಗೆ ಹೊಸದಲ್ಲ. ಶಾಸನಗಳಲ್ಲಿಯೂ ಅದರ ಹೆಸರಿದೆ. ರಾಮನವಮಿಯಂದು ಮೈಸೂರಿನ ಬೀದಿ ಬೀದಿಯ ಚಪ್ಪರಗಳಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಹಂಚುವುದೂ ಅದೇ ಧರ್ಮದ ಕವಲು. ಆದರೆ ರಾಮನವಮಿ ವರ್ಷಕ್ಕೊಂದು ದಿನ. ಬಾಯಾರಿಕೆ ದಿನಕ್ಕೆ ಹತ್ತು ಸಲ. ಆ ಹಿರಿಯಾಕೆ ಮಡಕೆ ಇಡುತ್ತಿದ್ದುದು ಅದಕ್ಕಾಗಿಯೇ. ಅವರು ತೀರಿಕೊಂಡ ಮೇಲೆ ಸೊಸೆಯಾದ ಮನೆಯೊಡತಿ ಅದನ್ನು ಮುಂದುವರಿಸಿಕೊಂಡು ಬಂದಿದ್ದರು. ಎಷ್ಟೋ ವರ್ಷ ಒಂದೇ ಜಾಗದಲ್ಲಿ ಮಡಕೆ ಕುಳಿತು ಕಲ್ಲಿನ ಮೇಲೆ ಒಂದು ದುಂಡನೆಯ ಗುರುತು ಬಿದ್ದಿದ್ದಿತು. ಮೊದಲು ಅಲ್ಲಿ ಹೊಂಗೆಯ ಮರದ ನೆರಳೂ ಇದ್ದಿತು. ಮಗನ ಕಾರಿಗೆ ಷೆಡ್ಡು ಬೇಕಾದಾಗ ಹೊಂಗೆ ಹೋಯಿತು, ಷೆಡ್ಡು ಬಂದಿತು. ಕಾರು ಮಾತ್ರ ವರ್ಷದಲ್ಲಿ ಹದಿನೈದು ದಿನ ಬರುತ್ತದೆ.

ಮಡಕೆಯ ವಿಷಯದಲ್ಲಿ ಯಜಮಾನರಿಗೆ ಎರಡು ಆಕ್ಷೇಪಣೆಗಳಿದ್ದವು. ಒಂದು, ಲೋಟಗಳು ಕಾಣೆಯಾಗುತ್ತಿದ್ದುದು. ಇದಕ್ಕೆ ಅವರು ಬ್ಯಾಂಕಿನವರು ಪೆನ್ನಿಗೆ ಮಾಡುವ ಉಪಾಯವನ್ನೇ ಮಾಡಿ, ಲೋಟದ ಕಂಠಕ್ಕೆ ತೂತು ಕೊರೆಯಿಸಿ ಸರಪಳಿ ಕಟ್ಟಿದರು. ಒಂದು ವಾರದ ಮೇಲೆ ಲೋಟವೂ ಇರಲಿಲ್ಲ, ಸರಪಳಿಯೂ ಇರಲಿಲ್ಲ. ಎರಡನೆಯದು ಇನ್ನೂ ಗಂಭೀರವಾದುದು: ಯಾರೂ ಕುಡಿಯದಿದ್ದರೂ ಮಡಕೆಯ ನೀರು ಕಡಿಮೆಯಾಗುತ್ತಿದ್ದಿತು. ರಾತ್ರಿ ತುಂಬಿಟ್ಟ ನೀರು ಬೆಳಿಗ್ಗೆ ಒಂದು ಲೋಟದಷ್ಟಾದರೂ ಇಳಿದಿರುತ್ತಿದ್ದಿತು. ಪುಸ್ತಕದ ಖರ್ಚಿನ ಕಡೆಯಲ್ಲಿ ಅವರು ಅದನ್ನು "ಸೋರಿಕೆ" ಎಂದು ಬರೆದುಕೊಂಡಿದ್ದರು.

ಮಡಕೆಯ ಹೊಟ್ಟೆಯ ಮೇಲಿನ ತೇವವನ್ನು ಮುಟ್ಟಿ ನೋಡಿ ಮೊಮ್ಮಗನು ಕೇಳಿದನು: "ತಾತ, ಮಡಕೆಗೂ ಸೆಖೆಯೇ? ಬೆವರಿದೆಯಲ್ಲ!"

ಉತ್ತರ ಹೇಳಿದವಳು ಮೊಮ್ಮಗಳು. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳ ಮೂಲಕ ಹೊರಬಂದ ನೀರು ಆವಿಯಾಗಿ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಗ್ರಾಂ ನೀರು ತನ್ನೊಡನೆ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೋಟ, ಎಂದರೆ 200 ಮಿಲಿಲೀಟರು ನೀರು ಹೀಗೆ ಹೋದರೆ, ಬರಿಯ ಲೆಕ್ಕದ ಪ್ರಕಾರ ಹತ್ತು ಲೀಟರು ನೀರನ್ನು ಹತ್ತು ಡಿಗ್ರಿಗೂ ಮಿಗಿಲಾಗಿ ತಣಿಸುವಷ್ಟು ಶಾಖ ಅದರೊಡನೆ ಹೋದಂತಾಯಿತು. ಹೊರಗಿನ ಬಿಸಿಯೂ ಒಳಗೆ ನುಗ್ಗುತ್ತಿರುವುದರಿಂದ ಮಡಕೆಯ ನೀರು ಅಷ್ಟು ತಣ್ಣಗಾಗದು. ಆದರೂ ಗಂಟಲಿಗೆ ಹಿತವಾಗುವಷ್ಟು ಆಗಿಯೇ ಆಗುತ್ತದೆ. ಗಾಳಿ ಒಣಗಿದ್ದಷ್ಟೂ ಮಡಕೆ ಹೆಚ್ಚು ತಂಪು. ಕರಾವಳಿಯ ತೇವದ ಗಾಳಿಯಲ್ಲಿ ಅದು ಇಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಮೈಸೂರಿನ ಏಪ್ರಿಲ್ ತಿಂಗಳಿಗೆ ಅದು ಹೇಳಿಮಾಡಿಸಿದ ವಸ್ತು. ಪ್ಲಾಸ್ಟಿಕ್ಕಿನ ಕೊಡದಿಂದ ಒಂದು ಹನಿಯೂ ಹೋಗುವುದಿಲ್ಲ. ಆದ್ದರಿಂದಲೇ ಅದು ತಣ್ಣಗಾಗುವುದೂ ಇಲ್ಲ.

"ಹೋಗೋ ನೀರು ದಂಡ ಅಲ್ಲ ತಾತ. ಅದು ಹೋಗೋದರಿಂದಲೇ ಉಳಿದದ್ದು ತಣ್ಣಗಿರೋದು" ಎಂದು ಅವಳು ಮಾತು ಮುಗಿಸಿದಳು.

ಯಜಮಾನರು ತಲೆದೂಗಿದರು, ಆದರೆ ಪುಸ್ತಕವನ್ನು ತಿದ್ದಲಿಲ್ಲ. ವಿಜ್ಞಾನಕ್ಕೆ ಒಪ್ಪಿಗೆಯಾದುದೆಲ್ಲ ಲೆಕ್ಕಪತ್ರಕ್ಕೂ ಒಪ್ಪಿಗೆಯಾಗಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಅಷ್ಟರಲ್ಲಿ ಮನೆಯ ನಲ್ಲಿ ಒಂದೆರಡು ದಿನ ಮುನಿಸಿಕೊಂಡಿತು. ನೆಲದಡಿಯ ತೊಟ್ಟಿಯಲ್ಲಿ ಕೋಲು ಬಿಟ್ಟು ಅಳತೆ ನೋಡಿದ ಯಜಮಾನರು ಗಾಬರಿಗೊಂಡು, ಕಾರ್ಖಾನೆಯ ದಿನಗಳನ್ನು ನೆನಪಿಸುವಂಥ ಸುತ್ತೋಲೆಯೊಂದನ್ನು ಹೊರಡಿಸಿದರು. ಸ್ಕೂಟರು ತೊಳೆಯಕೂಡದು. ಅಕ್ಕಿ ತೊಳೆದ ನೀರು ಗಿಡಗಳಿಗೆ. ಮೊಮ್ಮಗನು ಸ್ನಾನದ ಮನೆಯಲ್ಲಿ ಹಡಗು ಬಿಡುವುದು ಸಂಪೂರ್ಣ ನಿಷಿದ್ಧ. ನಾಲ್ಕನೆಯ ಮತ್ತು ಕೊನೆಯ ಅಂಶ: ಗೇಟಿನ ಮಡಕೆಯನ್ನು ಮುಂದಿನ ಆಜ್ಞೆಯವರೆಗೆ ಒಳಗಿಡತಕ್ಕದ್ದು.

ಮೊದಲ ಮೂರು ಅಂಶಗಳಿಗೆ ಯಾರೂ ಕಿವಿಗೊಡಲಿಲ್ಲ. ನಾಲ್ಕನೆಯದು ಅಂದೇ ಜಾರಿಗೆ ಬಂದಿತು, ಏಕೆಂದರೆ ಅದನ್ನು ಯಜಮಾನರೇ ಕೈಯಾರೆ ಎತ್ತಿ ಒಳಗೆ ತಂದಿಟ್ಟರು. ಮನೆಯೊಡತಿ ಒಂದು ಮಾತನ್ನೂ ಆಡಲಿಲ್ಲ. ನಲವತ್ತು ವರ್ಷದ ದಾಂಪತ್ಯದಲ್ಲಿ ಅಂಥ ಮೌನಕ್ಕೆ ಏನರ್ಥವೆಂದು ತಿಳಿಯದಷ್ಟು ಅನುಭವಹೀನರಲ್ಲ ಯಜಮಾನರು. ಆದರೂ ಅಂದು ತಿಳಿಯದವರಂತೆ ಪತ್ರಿಕೆಯನ್ನು ಮುಖಕ್ಕೆ ಹಿಡಿದರು.

* * *

ಇದಾದ ಎರಡು ದಿನಗಳ ಮೇಲೆ, ಏಪ್ರಿಲ್ 22ರಂದು, ಮೊಮ್ಮಗಳು ಮನೆಯವರೆಲ್ಲರನ್ನೂ ನಡುಹಗಲಿನಲ್ಲಿ ತಾರಸಿಗೆ ಹತ್ತಿಸಿದಳು. ಕರ್ಕಾಟಕ ವೃತ್ತಕ್ಕೂ ಮಕರ ವೃತ್ತಕ್ಕೂ ನಡುವೆ ಇರುವ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯನು ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಮೈಸೂರಿಗೆ ಆ ದಿನ ಬರುವುದು ಏಪ್ರಿಲ್ 22ರ ಆಸುಪಾಸಿನಲ್ಲಿ, ಮತ್ತೊಮ್ಮೆ ಆಗಸ್ಟಿನಲ್ಲಿ. ಆಗಸ್ಟಿನಲ್ಲಿ ಮೋಡವಿರುವ ಸಂಭವವೇ ಹೆಚ್ಚಾದ್ದರಿಂದ ನೋಡಲು ಏಪ್ರಿಲ್ ಮೇಲು. ತಾರಸಿಯ ನಡುವೆ ಒಂದು ಸ್ಟೀಲು ಲೋಟವನ್ನು ಬೋರಲು ಹಾಕಲಾಯಿತು. ಹನ್ನೆರಡು ಗಂಟೆಗೆ ಅದರ ಬುಡದಲ್ಲಿದ್ದ ನೆರಳಿನ ಎಳೆ ಸಣ್ಣಗಾಗುತ್ತ ಆಗುತ್ತ, ಹನ್ನೆರಡು ಇಪ್ಪತ್ತರ ಮೇಲೆ ಪೂರ್ತಿಯಾಗಿ ಮಾಯವಾಯಿತು. ಮೊಮ್ಮಗನು ನೆಟ್ಟಗೆ ನಿಂತು ಸುತ್ತಲೂ ನೋಡಿಕೊಂಡನು. "ಅಜ್ಜೀ, ನನ್ನ ನೆರಳು ನನ್ನ ಕಾಲ ಕೆಳಗೆ ಹೋಯಿತು!" ಎಂದು ಕುಣಿದನು. ಸಂಡಿಗೆಗಳೂ ಅಂದು ನೆರಳಿಲ್ಲದೆ ಮಲಗಿದ್ದವು.

ಆ ಗಳಿಗೆಯಲ್ಲಿಯೇ ಗೇಟಿನ ಕರೆಗಂಟೆ ಬಾರಿಸಿತು. ಮೊಮ್ಮಗಳು ಈ ಖಗೋಳ ಮಹೋತ್ಸವಕ್ಕಾಗಿ ಫೋನಿನಲ್ಲಿ ಐಸ್‌ಕ್ರೀಮು ತರಿಸಿದ್ದಳು. ಯಜಮಾನರು ಕೆಳಗಿಳಿದು ಹೋದರು. ಬೈಕಿನ ಹಿಂದೆ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದ ಯುವಕನು ಶಿರಸ್ತ್ರಾಣವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದನು. ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸು. ಕೂದಲೆಲ್ಲ ಬೆವರಿನಿಂದ ಅಂಟಿಕೊಂಡಿದ್ದಿತು. ನಿಲ್ಲಲು ನೆರಳು ಹುಡುಕಿದ್ದನೇನೋ. ಆದರೆ ಸೂರ್ಯನು ನೆತ್ತಿಯ ಮೇಲಿದ್ದಾಗ ಕಾಂಪೌಂಡಿನ ಗೋಡೆಗೂ ನೆರಳಿರಲಿಲ್ಲ, ಗೇಟಿನ ಕಂಬಕ್ಕೂ ಇರಲಿಲ್ಲ. ನೆರಳು ಕೊಡಬಹುದಾಗಿದ್ದ ಹೊಂಗೆ ಅಲ್ಲಿರಲಿಲ್ಲ. ಷೆಡ್ಡಿಗೆ ಬೀಗ ಹಾಕಿದ್ದಿತು.

ಪೊಟ್ಟಣವನ್ನು ಕೈಗೆ ಕೊಟ್ಟ ಮೇಲೂ ಅವನು ಹೋಗಲಿಲ್ಲ. ಕಲ್ಲಿನ ಮೇಲಿನ ದುಂಡನೆಯ ಗುರುತನ್ನು ನೋಡಿ ಸಂಕೋಚದಿಂದ ಕೇಳಿದನು: "ಇಲ್ಲಿ ಮಡಕೆ ಇತ್ತಲ್ಲಾ ಸಾರ್?"

ಯಜಮಾನರಿಗೆ ಕೂಡಲೆ ಉತ್ತರ ಹೊಳೆಯಲಿಲ್ಲ. "ಇತ್ತು" ಎಂದರು.

"ಒಡೆದುಹೋಯಿತಾ ಸಾರ್? ಹೋದ ವರ್ಷಾನೂ ಇತ್ತು. ಈ ಕಡೆ ಬಂದರೆ ನಮ್ಮ ಹುಡುಗರೆಲ್ಲ ಇಲ್ಲೇ ಕುಡಿಯೋದು. ಎರಡನೇ ಷಿಫ್ಟಿಗೆ ಹೋಗೋರೂ ಕುಡೀತಾರೆ" ಎಂದನು ಅವನು. ದೂರುವ ಧ್ವನಿಯೇನೂ ಅದರಲ್ಲಿರಲಿಲ್ಲ. ಪರಿಚಿತರೊಬ್ಬರು ಊರು ಬಿಟ್ಟುಹೋದ ಸುದ್ದಿಯನ್ನು ವಿಚಾರಿಸುವವನಂತಿದ್ದನು.

ಐಸ್‌ಕ್ರೀಮಿನ ಪೊಟ್ಟಣ ಯಜಮಾನರ ಅಂಗೈಯನ್ನು ಕೊರೆಯುತ್ತಿದ್ದಿತು. ಬೆಳಗಿನಿಂದ ಊರಿನ ಎಷ್ಟೋ ಮನೆಗಳಿಗೆ ತಂಪನ್ನು ಹೊತ್ತು ಹಂಚಿ ಬಂದವನಿಗೆ ಕುಡಿಯಲು ಒಂದು ಲೋಟ ನೀರು ಬೇಕಾಗಿದ್ದಿತು. "ಇರಪ್ಪ" ಎಂದು ಅವರು ಒಳಕ್ಕೆ ತಿರುಗುವಷ್ಟರಲ್ಲಿ ಮನೆಯೊಡತಿಯು ದೊಡ್ಡ ಚೊಂಬಿನ ತುಂಬ ನೀರುಮಜ್ಜಿಗೆಯನ್ನು ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಮೇಲಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವನು ಎರಡು ಲೋಟ ಮಜ್ಜಿಗೆಯನ್ನೂ ಒಂದು ಲೋಟ ನೀರನ್ನೂ ಕುಡಿದು, "ಬರ್ತೀನಮ್ಮಾ" ಎಂದು ಹೇಳಿ, ಫೋನಿನಲ್ಲಿ ಮುಂದಿನ ಮನೆಯ ವಿಳಾಸ ನೋಡಿಕೊಂಡು ಹೊರಟುಹೋದನು.

ಆ ಮಧ್ಯಾಹ್ನ ಐಸ್‌ಕ್ರೀಮು ಯಜಮಾನರಿಗೆ ರುಚಿಸಲಿಲ್ಲ. "ಹಲ್ಲು ಜುಂ ಎನ್ನುತ್ತದೆ" ಎಂದು ತಮ್ಮ ಪಾಲನ್ನು ಮೊಮ್ಮಗನಿಗೆ ಕೊಟ್ಟು, ಕೆಂಪು ರಟ್ಟಿನ ಪುಸ್ತಕವನ್ನು ತೆರೆದು ಕುಳಿತರು.

ಲೆಕ್ಕದಲ್ಲಿ ಎಂದೂ ಕೈಹಾಕದ ಮನೆಯೊಡತಿಯು ಅಂದು ಪಕ್ಕದಲ್ಲಿ ಕುರ್ಚಿಯೆಳೆದು ಕುಳಿತರು. "ನಿಮ್ಮ ಭಾಷೆಯಲ್ಲೇ ಕೇಳ್ತೀನಿ ರೀ. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ ಎಷ್ಟು ನೀರು ಬೇಕು ಅಂತ ಸರ್ಕಾರದ ಲೆಕ್ಕ?"

"ನೂರ ಮೂವತ್ತೈದು ಲೀಟರು."

"ನಾವು ಆರು ಜನ."

"ಎಂಟು ನೂರ ಹತ್ತು."

"ಮಡಕೆ ಎಷ್ಟು ಹಿಡಿಯುತ್ತೆ?"

"ಹತ್ತು ಲೀಟರು. ದಿನಕ್ಕೆ ಎರಡು ಸಲ ತುಂಬಿಸಿದರೆ ಇಪ್ಪತ್ತು."

"ಹಾಗಾದರೆ ನಲವತ್ತರಲ್ಲಿ ಒಂದು ಪಾಲು" ಎಂದು ಆಕೆ ಎದ್ದು ನಿಂತರು. "ಕಟ್ಟೆಯಲ್ಲಿ ನೀರು ಇಳಿದಿದ್ದಕ್ಕೆ ಅತ್ತೆಯವರ ಮಡಕೆ ಕಾರಣ ಅಲ್ಲ. ಆ ನಲವತ್ತರಲ್ಲಿ ಮೂವತ್ತೊಂಬತ್ತು ಪಾಲು ನಾವೇ ಇಟ್ಟುಕೊಂಡಿದ್ದೀವಿ."

ಮೂವತ್ತೆರಡು ವರ್ಷ ಲೆಕ್ಕ ತಪಾಸಣೆಯವರ ಎದುರಿನಲ್ಲಿ ಒಂದು ಸಲವೂ ತಲೆ ತಗ್ಗಿಸದ ಯಜಮಾನರು ಅಂದು ತಗ್ಗಿಸಿದರು. ಉಳಿತಾಯದ ಮಾತು ಬಂದಾಗಲೆಲ್ಲ ಜನರ ಕೈ ಮೊದಲು ಹೋಗುವುದು ಬೇರೆಯವರ ಪಾಲಿನ ಕಡೆಗೇ. ಸ್ನಾನದ ಬಕೆಟ್ಟು ಹಾಗೆಯೇ ಉಳಿಯುತ್ತದೆ, ಶೌಚಾಲಯದ ತೊಟ್ಟಿ ಪ್ರತಿ ಸಲವೂ ತುಂಬುತ್ತದೆ. ಮಡಕೆ ಮಾತ್ರ ಒಳಗೆ ಬರುತ್ತದೆ. ಬರಗಾಲದ ವರ್ಷದಲ್ಲಿಯೇ ದಾರಿಹೋಕನಿಗೆ ಬಾಯಾರಿಕೆ ಹೆಚ್ಚು ಎಂಬುದನ್ನು ಯಾವ ಸುತ್ತೋಲೆಯೂ ಗಣನೆಗೆ ತೆಗೆದುಕೊಂಡಿರುವುದಿಲ್ಲ.

ಸಂಜೆ ನಾಲ್ಕಕ್ಕೆ ಮಡಕೆಯು ತನ್ನ ದುಂಡನೆಯ ಗುರುತಿನ ಮೇಲೆ ಮತ್ತೆ ಬಂದು ಕುಳಿತಿತು. ಷೆಡ್ಡಿನ ಬೀಗ ತೆಗೆದು, ಕಾರನ್ನು ಬೀದಿಗೆ ನಿಲ್ಲಿಸಿ, ಒಳಗೆ ಒಂದು ಹಳೆಯ ಬೆಂಚನ್ನು ಹಾಕಲಾಯಿತು. ಬಿಸಿಲಿಗೆ ಕಾರಿನ ಬಣ್ಣ ಹೋಗುತ್ತದೆಂದು ಮಗನು ಗೊಣಗಿದುದು ನಿಜ. ಹವಾನಿಯಂತ್ರಕದ ಮಾತನ್ನು ಮಾತ್ರ ಆ ವರ್ಷ ಅವನು ಮತ್ತೆ ಎತ್ತಲಿಲ್ಲ. ಸ್ನಾನಕ್ಕೆ ಒಂದೇ ಬಕೆಟ್ಟು ಎಂಬ ನಿಯಮ ಯಜಮಾನರಿಂದಲೇ ಆರಂಭವಾಯಿತು. ಪುಸ್ತಕದಲ್ಲಿ "ಸೋರಿಕೆ" ಎಂಬ ಮಾತಿನ ಮೇಲೆ ಒಂದು ಗೆರೆ ಬಿದ್ದಿತು.

* * *

ಬೇಸಗೆಗಳು ಹೋಗುವುದಕ್ಕೇ ಬರುತ್ತವೆ. ಮೇ ತಿಂಗಳ ಗುಡುಗು ಮಳೆಗಳು ಸಂಜೆ ಸಂಜೆಗೆ ಬಂದು, ಸಂಡಿಗೆಯನ್ನು ಒಳಗೆ ಓಡಿಸಿ, ದೀಪವನ್ನು ಆರಿಸಿ, ಮಲ್ಲಿಗೆಯ ವಾಸನೆಯನ್ನು ಹೆಚ್ಚಿಸಿ ಹೋದವು. ರಸಪುರಿ ಹಣ್ಣಿನ ಸೀಕರಣೆಯಾಯಿತು. ರಜೆ ಮುಗಿದು ಮಕ್ಕಳು ಹಿಂದಿರುಗಿದರು. ಆ ಜುಲೈ ಮುಗಿಯುವಷ್ಟರಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತು. ಮರುವರ್ಷ, 2025ರಲ್ಲಿ, ಜೂನ್ ತಿಂಗಳಲ್ಲಿಯೇ ತುಂಬಿ ಮುಖ್ಯಮಂತ್ರಿಗಳಿಂದ ಬಾಗಿನ ಪಡೆಯಿತು. ಆ ದಿನ ಯಜಮಾನರು ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಂಡರು.

ಅದಕ್ಕೂ ಸ್ವಲ್ಪ ಮೊದಲು, 2025ರ ಏಪ್ರಿಲ್‌ನಲ್ಲಿ, ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ ರಸ್ತೆಯ ವಿಸ್ತರಣೆಗಾಗಿ 40 ಮರಗಳು ನೆಲಕ್ಕುರುಳಿ, ನಗರದ ಜನ ಬೀದಿಗಿಳಿದು ಪ್ರತಿಭಟಿಸಿದರು. ಇಂಥ ಸುದ್ದಿ ಬಂದಾಗ ಜಗಲಿಯಲ್ಲಿ ಕುಳಿತು ಲೋಕವನ್ನೆಲ್ಲ ತರಾಟೆಗೆ ತೆಗೆದುಕೊಳ್ಳುವುದು ಯಜಮಾನರ ವಾಡಿಕೆ. ಅಂದು ಅವರು ಯಾರನ್ನೂ ಬೈಯಲಿಲ್ಲ. ಷೆಡ್ಡಿನ ಕಡೆಗೆ ಒಮ್ಮೆ ನೋಡಿ ಸುಮ್ಮನಾದರು. ಮಳೆ ಹಿಡಿದ ಮೇಲೆ ಗೇಟಿನ ಪಕ್ಕದಲ್ಲಿ ಒಂದು ಹೊಂಗೆಯ ಸಸಿ ನೆಟ್ಟು, ಸುತ್ತಲೂ ಮುಳ್ಳು ಕಟ್ಟಿದರು. ಅದು ಈಗ ಮೊಮ್ಮಗನ ಹೆಗಲಿನಷ್ಟಿದೆ. ನೆರಳು ಕೊಡಲು ಇನ್ನೂ ಕೆಲವು ವರ್ಷ ಬೇಕು.

ಮಡಕೆಯ ಲೋಟ ಮಾತ್ರ ಆ ಬೇಸಗೆಯಲ್ಲಿಯೂ ಎರಡು ಸಲ ಕಾಣೆಯಾಯಿತು. ಮೂರನೆಯ ಸಲ ಹೊಸದನ್ನು ತರಲು ಯಜಮಾನರು ಚೀಲ ಹಿಡಿದು ಹೊರಟವರು ಗೇಟಿನ ಬಳಿ ನಿಂತುಬಿಟ್ಟರು. ತಟ್ಟೆಯ ಮೇಲೆ ಒಂದು ಲೋಟ ಬೋರಲಾಗಿದ್ದಿತು. ಅದು ಅವರ ಮನೆಯದಲ್ಲ. ಅಂಚು ಸ್ವಲ್ಪ ನೆಗ್ಗಿದ್ದರೂ ಚೆನ್ನಾಗಿ ಬೆಳಗಿಟ್ಟ ದೊಡ್ಡ ಲೋಟ; ಯಾರೋ ಬಂದು ಇಟ್ಟು ಹೋಗಿದ್ದರು. ಯಜಮಾನರು ಬೀದಿಯ ಎರಡು ಕಡೆಗೂ ನೋಡಿದರು. ಷಿಫ್ಟಿಗೆ ಹೋಗುವವರು ಹೋಗುತ್ತಿದ್ದರು, ಬರುವವರು ಬರುತ್ತಿದ್ದರು.

ಒಳಗೆ ಬಂದು ಪುಸ್ತಕವನ್ನು ತೆರೆದು, ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, ಕೊನೆಗೆ ಅಡಿಗೆಮನೆಯ ಕಡೆಗೆ ತಿರುಗಿ ಕೇಳಿದರು: "ಯಾರೋ ಲೋಟ ಇಟ್ಟುಹೋಗಿದ್ದಾರೆ ಕಣೇ. ಇದನ್ನು ಯಾವ ಲೆಕ್ಕಕ್ಕೆ ಬರೆಯೋದು?"

"ಬರೆಯಬೇಡಿ" ಎಂದರು ಮನೆಯೊಡತಿ, ಒಗ್ಗರಣೆಯ ಸದ್ದಿನ ನಡುವೆ. "ಮಡಕೆಗೆ ನೀರು ತುಂಬಿಸಿ ಬನ್ನಿ. ಬಿಸಿಲೇರುತ್ತಾ ಇದೆ."